ಎದೆನೋವಿಗೂ ‘ಗ್ಯಾಸ್’ ಅಂತೀರಾ? ಒಂದೇ ಪದ, ನಾಲ್ಕು ಅರ್ಥ

“ಗ್ಯಾಸ್ ಖಾಲಿಯಾಯ್ತು.” “ಕಡಲೆಕಾಳು ತಿಂದ್ರೆ ಗ್ಯಾಸ್.” “ಎದೆ ಉರೀತಿದೆ, ಗ್ಯಾಸ್ ಇರ್ಬೇಕು.” “ಎದೆ ಹಿಡ್ಕೊಂಡಿದೆ, ಗ್ಯಾಸ್ಟ್ರಿಕ್ ಕಣ್ರೀ, ಸೋಡಾ ಕುಡಿದ್ರೆ ಹೋಗುತ್ತೆ.” ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತುಗಳಿವು. ಪದ ಒಂದೇ, ವಿಷಯ ನಾಲ್ಕು. ಕೊನೆಯದರಲ್ಲಿ ಎಡವಿದರೆ ಜೀವಕ್ಕೇ ಅಪಾಯ.

ಅಡುಗೆಮನೆಯ ಗ್ಯಾಸ್

ಮನೆಯ ಸಿಲಿಂಡರ್‌ನಲ್ಲಿರುವ 14.2 ಕೆಜಿ ಎಲ್‌ಪಿಜಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಇವಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದೇ ಕೆಟ್ಟ ವಾಸನೆಯ ವಸ್ತುವನ್ನು ಸೇರಿಸುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಇದು ನೆಲಮಟ್ಟದಲ್ಲಿ ಶೇಖರವಾಗುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹೊಟ್ಟೆಯ ಗ್ಯಾಸ್

ಊಟದ ಜೊತೆ ನುಂಗಿದ ಗಾಳಿ ತೇಗಾಗಿ ಹೊರಬರುತ್ತದೆ. ಜೀರ್ಣವಾಗದೆ ಉಳಿದ ಕಾಳಿನ ಅಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗಲೂ ಅನಿಲ ಹುಟ್ಟುತ್ತದೆ. ಇದು ಎಲ್ಲರಲ್ಲೂ ಇರುವಂಥದ್ದು.

ಎದೆಯುರಿ ಗ್ಯಾಸ್ ಅಲ್ಲ

ಎದೆಯುರಿಗೆ ಕಾರಣ ಅನಿಲವಲ್ಲ, ಜಠರದಿಂದ ಅನ್ನನಾಳಕ್ಕೆ ಮೇಲೇರುವ ಆಮ್ಲ. ಇನ್ನೊಂದು ಸಂಗತಿ: ‘ಗ್ಯಾಸ್ಟ್ರಿಕ್’ ಪದಕ್ಕೂ ‘ಗ್ಯಾಸ್’ಗೂ ನಂಟೇ ಇಲ್ಲ! ಗ್ಯಾಸ್ಟ್ರಿಕ್ ಎಂದರೆ ‘ಜಠರಕ್ಕೆ ಸಂಬಂಧಿಸಿದ್ದು’ ಎಂದಷ್ಟೇ. ಅದು ಹೊಟ್ಟೆ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ‘ಗ್ಯಾಸ್’ ಪದವನ್ನು 17ನೇ ಶತಮಾನದಲ್ಲಿ ಬಳಕೆಗೆ ತಂದವರು ವಿಜ್ಞಾನಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್.

ಜೀವ ತೆಗೆಯುವ ‘ಗ್ಯಾಸ್’

ಹೃದಯಾಘಾತದಲ್ಲೂ ಎದೆ ಹಿಂಡಿದಂತೆ, ಹೊಟ್ಟೆಯ ಮೇಲ್ಭಾಗ ಉರಿದಂತೆ ಅನಿಸಬಹುದು, ವಾಂತಿ ಬಂದಂತಾಗಬಹುದು. ತೇಗು ಬಂದ ಮೇಲೆ, ಸೋಡಾ ಕುಡಿದ ಮೇಲೆ ಹಗುರವೆನಿಸಿತು ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದರ್ಥವಲ್ಲ. ನೋವು ತೋಳು, ದವಡೆ, ಬೆನ್ನಿಗೆ ಹಬ್ಬಿದರೆ, ತಣ್ಣನೆಯ ಬೆವರು ಅಥವಾ ಏದುಸಿರು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರು, ಮಹಿಳೆಯರು ಮತ್ತು ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಗಟ್ಟುವಿಕೆ ಕಾಣಿಸಬಹುದು. ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ಇಸಿಜಿ ಮತ್ತು ರಕ್ತಪರೀಕ್ಷೆ ನೋಡಿದ ವೈದ್ಯರು, ಪಕ್ಕದಲ್ಲಿ ಕುಳಿತ ನಾವಲ್ಲ.

ನಾವೇನು ಮಾಡಬಹುದು?

ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಎದೆನೋವು ಎಂದು ನಮ್ಮಲ್ಲೇ ಬೇರೆ ಬೇರೆ ಪದಗಳಿವೆ. ಎಲ್ಲವನ್ನೂ ‘ಗ್ಯಾಸ್’ ಎನ್ನುವ ಬದಲು ಅವನ್ನೇ ಬಳಸೋಣ. ವೈದ್ಯರ ಮುಂದೆಯೂ “ಗ್ಯಾಸ್” ಎನ್ನದೆ ಎಲ್ಲಿ, ಹೇಗೆ, ಎಷ್ಟು ಹೊತ್ತಿನಿಂದ ಎಂದು ಹೇಳೋಣ. ಗ್ಯಾಸ್‌ಗೆ ಮನೆಮದ್ದು ಹೇಳುವ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇದನ್ನೂ ಹಾಕಿ.