ಇಫ್ತಾರಿನ ಶರಬತ್ತು: ಮಾಡುವ ಬಗೆ ಮತ್ತು ಅದರ ಹಿಂದಿನ ವಿಜ್ಞಾನ

ನಮ್ಮ ಕಡೆ ಬಿಸಿಲು ಯುಗಾದಿಗೆ ಕಾಯುವುದಿಲ್ಲ. ಶಿವರಾತ್ರಿ ಕಳೆಯಿತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆ ಮಧ್ಯಾಹ್ನ ರಸ್ತೆ ಖಾಲಿ. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ಕ್ಕೆ ಆರಂಭವಾಯಿತು, ರಂಜಾನ್ ಉಪವಾಸ ಮಾರ್ಚ್ 2ಕ್ಕೆ. ಪರೀಕ್ಷೆ ಬರೆದು, ಬಿಸಿಲಲ್ಲಿ ಬಸ್ಸು ಹಿಡಿದು ಊರು ಸೇರಿ, ಸಂಜೆ ರೋಜಾ ಬಿಟ್ಟು, ಮತ್ತೆ ಓದಲು ಕೂರಬೇಕು. ಹಾಗಿರುವಾಗ ಮಗ್ರಿಬ್ ಅಜಾನ್ ಆದ ಮೇಲೆ ಮೊದಲ ಲೋಟದಲ್ಲಿ ಏನು ಕುಡಿಯುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ನಮ್ಮ ಮನೆಯಲ್ಲಿ ಶರಬತ್ತಿನ ಕೆಲಸ ನನ್ನದು. ಅಮ್ಮಿ ಅಡುಗೆ ನೋಡಿಕೊಂಡರೆ ನಾನು ಹಣ್ಣು, ಪುದೀನ, ಸಬ್ಜಾ ನೋಡಿಕೊಳ್ಳುತ್ತೇನೆ. ವಿಜ್ಞಾನ ವಿಭಾಗದಲ್ಲಿ ಓದುತ್ತಿರುವುದರಿಂದ ಪ್ರತಿ ಹಂತದಲ್ಲೂ "ಇದು ಯಾಕೆ?" ಎಂದು ಕೇಳುವ ಅಭ್ಯಾಸ ಬಂದಿದೆ. ನನಗೆ ಸಿಕ್ಕ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಹೆಸರಿನ ಮಾತು

ಶರಬತ್ತು ಎಂಬ ಪದ ಅರಬ್ಬಿಯಿಂದ ಬಂದದ್ದು. 'ಕುಡಿಯುವುದು' ಎಂಬ ಅರ್ಥದ ಧಾತು ಅದರ ಮೂಲ. ಔಷಧಿ ಅಂಗಡಿಯ 'ಸಿರಪ್' ಕೂಡ ಅದೇ ಧಾತುವಿನಿಂದ ಹುಟ್ಟಿದೆ. ಪಾನಕ ಸಂಸ್ಕೃತದ ಪದ. ಅದರ ಅರ್ಥವೂ ಕುಡಿಯುವುದೇ! ರಾಮನವಮಿಗೆ ಪಾನಕ, ಮೊಹರಂಗೆ ಶರಬತ್ತು ಹಂಚುವ ಊರುಗಳು ನಮ್ಮವು. ಒಂದಕ್ಕೆ ಬೆಲ್ಲ, ಏಲಕ್ಕಿ, ಶುಂಠಿ. ಇನ್ನೊಂದಕ್ಕೆ ಸಕ್ಕರೆ, ನಿಂಬೆ, ಸಬ್ಜಾ. ಬಾಯಾರಿದವರಿಗೆ ನೀರು ಕೊಡುವ ಪುಣ್ಯ ಎರಡರಲ್ಲೂ ಒಂದೇ.

ಬೇಕಾಗುವ ಸಾಮಾನು (6 ಲೋಟಕ್ಕೆ)

ಸಿಪ್ಪೆ, ಬೀಜ ತೆಗೆದ ಕಲ್ಲಂಗಡಿ ಹಣ್ಣು ಮುಕ್ಕಾಲು ಕಿಲೋ, ಕಾಯಿಸಿ ಆರಿಸಿದ ನೀರು ಅರ್ಧ ಲೀಟರ್, ನಿಂಬೆಹಣ್ಣು 2, ಪುದೀನ ಎಲೆ 15ರಿಂದ 20, ಪುಡಿ ಬೆಲ್ಲ 25 ಗ್ರಾಂ, ಉಪ್ಪು ಒಂದು ಚಿಟಿಕೆ, ಸಬ್ಜಾ ಅಂದರೆ ಕಾಮಕಸ್ತೂರಿ ಬೀಜ 2 ಚಮಚ.

ಮಾಡುವ ವಿಧಾನ

ಮೊದಲು ಸಬ್ಜಾವನ್ನು ಒಂದು ಬಟ್ಟಲು ನೀರಿನಲ್ಲಿ 20 ನಿಮಿಷ ನೆನೆಸಿ. ಬೀಜದ ಹೊರಪದರದಲ್ಲಿರುವ ಲೋಳೆ ಅಂಶ ನೀರು ಹೀರಿ ಉಬ್ಬುತ್ತದೆ. ಕಪ್ಪು ಬೀಜದ ಸುತ್ತ ಬಿಳಿ ಪೊರೆ ಕಾಣಿಸುತ್ತದೆ. ಒಣ ಬೀಜವನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ. ಅದು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಚಿಕ್ಕ ಮಕ್ಕಳ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು.

ಪುದೀನವನ್ನು ಎರಡು ಮೂರು ಸಲ ತೊಳೆದು, ಬೆಲ್ಲದ ಜೊತೆ ಕುಟ್ಟಾಣಿಯಲ್ಲಿ ಮೆಲ್ಲಗೆ ಜಜ್ಜಿ. ಪರಿಮಳದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಅವು ಒಡೆದರೆ ಸಾಕು. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದರೆ ಎಲೆಯ ಒಗರು, ಕಹಿ ಕೂಡ ಇಳಿಯುತ್ತದೆ.

ಕಲ್ಲಂಗಡಿಯನ್ನು ಕತ್ತರಿಸುವ ಮುಂಚೆ ಇಡೀ ಹಣ್ಣನ್ನು ತೊಳೆಯಿರಿ. ಸಿಪ್ಪೆ ತಿನ್ನುವುದಿಲ್ಲವಲ್ಲ ಎನ್ನಬೇಡಿ, ಸಿಪ್ಪೆಯ ಮೇಲಿನ ಮಣ್ಣು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ತಿರುಳನ್ನು ಕೈಯಿಂದಲೋ ಮಿಕ್ಸಿಯಲ್ಲೋ ಮಸೆದು, ನೀರು, ಜಜ್ಜಿದ ಪುದೀನ, ಉಪ್ಪು, ಕೊನೆಗೆ ನಿಂಬೆರಸ ಸೇರಿಸಿ. ನಿಂಬೆ ಬೀಜ ಬೀಳದಂತೆ ನೋಡಿಕೊಳ್ಳಿ, ಅದು ಕಹಿ. ಸೋಸುವ ಅಗತ್ಯವಿಲ್ಲ. ನೆಂದ ಸಬ್ಜಾ ಹಾಕಿ ಕಲಸಿದರೆ ಶರಬತ್ತು ಸಿದ್ಧ.

ಕಲ್ಲಂಗಡಿ ಸಿಗದಿದ್ದರೆ ದಾಳಿಂಬೆ ಇದೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ತೋಟಗಳಲ್ಲಿ ಒಳ್ಳೆಯ ದಾಳಿಂಬೆ ಬೆಳೆಯುತ್ತಾರೆ. ಶರಬತ್ತಿಗೆ ದೊಡ್ಡ ಹಣ್ಣೇ ಬೇಕೆಂದಿಲ್ಲ, ಅಗ್ಗವಾಗಿ ಸಿಗುವ ಸಣ್ಣ ಹಣ್ಣು ಸಾಕು. ಆದರೆ ಬಿರಿದ ಹಣ್ಣಿನೊಳಗೆ ಬೂಸ್ಟು ಇದ್ದರೆ ಬಿಸಾಡಿ. ಅದೂ ಇಲ್ಲವೆಂದರೆ ನಿಂಬೆಗಾತ್ರದ ಹುಣಸೆಹಣ್ಣು ನೆನೆಸಿ, ಕಿವುಚಿ, ಬೆಲ್ಲ, ಪುದೀನ, ಚಿಟಿಕೆ ಜೀರಿಗೆ ಪುಡಿ ಹಾಕಿ. ಬಡವರ ಮನೆಯಲ್ಲೂ ಆಗುವ ಶರಬತ್ತು ಅದು.

ಪಾತ್ರೆ ಯಾವುದು?

ಸ್ಟೀಲ್, ಗಾಜು ಅಥವಾ ಪಿಂಗಾಣಿ ಪಾತ್ರೆ ಬಳಸಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡವೇ ಬೇಡ. ನಿಂಬೆ, ಹುಣಸೆಯ ಆಮ್ಲ ತಾಮ್ರವನ್ನು ಕರಗಿಸಿ ಶರಬತ್ತಿಗೆ ಸೇರಿಸುತ್ತದೆ. ವಾಕರಿಕೆ, ಹೊಟ್ಟೆನೋವು ಬರುತ್ತದೆ. ನಮ್ಮ ಹಿರಿಯರು ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಹೊಳಪಿಗಾಗಿ ಮಾತ್ರವಲ್ಲ, ಹುಳಿ ಅಡುಗೆ ತಾಮ್ರಕ್ಕೆ ತಾಗದಿರಲೆಂದು.

ತಂಪಿಗೆ ಮಡಕೆ ನೀರು ಸಾಕು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಸೀಮೆಯ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಡಕೆಯಲ್ಲಿ ನೀರಷ್ಟೇ ಇಡಿ, ಶರಬತ್ತು ಬೇಡ. ರಂಧ್ರದಲ್ಲಿ ಸಿಹಿ ಉಳಿದರೆ ತೊಳೆದರೂ ಹೋಗುವುದಿಲ್ಲ. ಐಸ್ ಬೇಕೆಂದರೆ ಕಾಯಿಸಿ ಆರಿಸಿದ ನೀರನ್ನು ಮನೆಯಲ್ಲೇ ಗಟ್ಟಿಮಾಡಿ. ತಣ್ಣಗಾದ ಮಾತ್ರಕ್ಕೆ ನೀರಿನ ರೋಗಾಣು ಸಾಯುವುದಿಲ್ಲ.

ಹೊತ್ತು ಬಹಳ ಮುಖ್ಯ

ಹಣ್ಣಿನ ರಸದಲ್ಲಿ ಸಕ್ಕರೆ ಇದೆ. ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಇದೆ. ಸೆಕೆಯಲ್ಲಿ ಇವೆರಡೂ ಸೇರಿ ಕೂತರೆ ಹುದುಗುವಿಕೆ ಶುರುವಾಗುತ್ತದೆ. ಒಂದು ಗ್ಲೂಕೋಸ್ ಅಣು ಒಡೆದು ಎರಡು ಎಥನಾಲ್, ಎರಡು ಕಾರ್ಬನ್ ಡೈಆಕ್ಸೈಡ್ ಅಣುಗಳಾಗುತ್ತವೆ. ಜೀವಶಾಸ್ತ್ರದ ಪುಸ್ತಕದಲ್ಲಿ ಓದಿದ ಈ ಕ್ರಿಯೆ ನಮ್ಮ ಅಡುಗೆಮನೆಯಲ್ಲೂ ನಡೆಯುತ್ತದೆ. ಹಿಂದಿನ ದಿನದ ರಸದಲ್ಲಿ ಗುಳ್ಳೆ, ನೊರೆ, ಹುಳಿ ವಾಸನೆ ಕಂಡರೆ ಅದು ಶರಬತ್ತಾಗಿ ಉಳಿದಿಲ್ಲ, ಚೆಲ್ಲಬೇಕು. ಪ್ರವಾದಿಯವರ (ಸ) ಕಾಲದಲ್ಲಿ ಖರ್ಜೂರ ನೆನೆಸಿದ ನೀರನ್ನು ನಬೀಜ್ ಎಂದು ಕುಡಿಯುತ್ತಿದ್ದರು. ಅದನ್ನು ಮೂರನೆಯ ದಿನ ದಾಟಿಸುತ್ತಿರಲಿಲ್ಲ ಎಂದು ಹದೀಸ್ ಗ್ರಂಥಗಳಲ್ಲಿದೆ. ಫ್ರಿಜ್ ಇಲ್ಲದ ಕಾಲದಲ್ಲೂ ಹೊತ್ತಿನ ಲೆಕ್ಕ ಇತ್ತು ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಯೀಸ್ಟ್‌ಗಿಂತ ಬೇಗ ಕೆಲಸ ಕೆಡಿಸುವುದು ಬ್ಯಾಕ್ಟೀರಿಯಾ. ಕತ್ತರಿಸಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ಆಹಾರ ಸುರಕ್ಷತೆಯ ನಿಯಮ. ನಮ್ಮ ಮಾರ್ಚ್ ಮಧ್ಯಾಹ್ನ 32 ಡಿಗ್ರಿಗೆ ನಿಲ್ಲುವುದಿಲ್ಲ. ಆದ್ದರಿಂದ ಮಸೀದಿಯಲ್ಲಾಗಲಿ, ಹಾಸ್ಟೆಲ್‌ನಲ್ಲಾಗಲಿ ದೊಡ್ಡ ಪಾತ್ರೆಯಲ್ಲಿ ಮಾಡುವಾಗ ಜುಹರ್ ಹೊತ್ತಿಗೇ ಹಣ್ಣು ಕತ್ತರಿಸಿ ಇಡಬೇಡಿ. ಅಸರ್ ನಮಾಜಿನ ನಂತರ ಸಬ್ಜಾ ನೆನೆಸಿ, ಇಫ್ತಾರಿಗೆ ಅರ್ಧ ಗಂಟೆ ಇರುವಾಗ ಹಣ್ಣು ಕತ್ತರಿಸಿ.

ಸಕ್ಕರೆಯ ಲೆಕ್ಕ

ಅಂಗಡಿಯ ತಂಪು ಪಾನೀಯದ ಸೀಸೆ ತಿರುಗಿಸಿ ಓದಿ. ಬಹುತೇಕ 100 ಮಿಲೀಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಅಂದರೆ 250 ಮಿಲೀ ಸೀಸೆಯಲ್ಲಿ 25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಕೂಡಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. ಇಫ್ತಾರಿನ ಒಂದು ಸೀಸೆಗೇ ಆ ಲೆಕ್ಕ ಮುಗಿಯಿತು.

ನಮ್ಮ ಶರಬತ್ತು? ಕಲ್ಲಂಗಡಿಯಲ್ಲಿ ಸುಮಾರು 6 ಶೇಕಡ ಸಕ್ಕರೆ. 750 ಗ್ರಾಂಗೆ 45 ಗ್ರಾಂ, ಬೆಲ್ಲದ 25 ಗ್ರಾಂ ಸೇರಿ 70. 6 ಲೋಟಕ್ಕೆ ಹಂಚಿದರೆ ಲೋಟಕ್ಕೆ ಸುಮಾರು 12 ಗ್ರಾಂ. ಬೆಲ್ಲ ಬಿಟ್ಟರೆ ಏಳೂವರೆ ಗ್ರಾಂ. ಬೆಲ್ಲ ಆರೋಗ್ಯಕರ ಎಂದು ಎರಡು ಪಟ್ಟು ಸುರಿಯುವುದು ಸರಿಯಲ್ಲ, ರಕ್ತಕ್ಕೆ ಸೇರಿದ ಮೇಲೆ ಅದೂ ಸಕ್ಕರೆಯೇ. ನಮ್ಮ ದಾದಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆ ಹಣ್ಣು ಹಾಕದೆ ನಿಂಬೆ, ಪುದೀನ, ಉಪ್ಪು, ಸಬ್ಜಾ ಮಾತ್ರ ಹಾಕಿ ಬೇರೆ ಲೋಟ ಮಾಡುತ್ತೇನೆ. "ನನ್ನದೇ ಚಲೋ ಐತಿ" ಎನ್ನುತ್ತಾರೆ.

ಇನ್ನೊಂದು ಮಾತು. ಶರಬತ್ತು ದಾಹಕ್ಕೆ, ಕಾಯಿಲೆಗಲ್ಲ. ವಾಂತಿ, ಭೇದಿ ಆದರೆ ಓಆರ್‌ಎಸ್ ಪೊಟ್ಟಣವೇ ಬೇಕು. ಅದರಲ್ಲಿ ಉಪ್ಪು, ಗ್ಲೂಕೋಸ್ ಅಳತೆ ಮಾಡಿ ಸೇರಿಸಿರುತ್ತಾರೆ. ಬಿಸಿಲಿಗೆ ತಲೆಸುತ್ತಿ ಬಿದ್ದವರನ್ನು ನೆರಳಿಗೆ ಒಯ್ದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಗೆಳೆಯ ಗೆಳತಿಯರೇ, ಈ ಸಲ ಬೀಳ್ಕೊಡುಗೆ ಸಮಾರಂಭಕ್ಕೆ ಸೀಸೆಗಳ ಪೆಟ್ಟಿಗೆ ತರಿಸುವ ಮುಂಚೆ ಒಮ್ಮೆ ಯೋಚಿಸಿ. 60 ಜನರ ತರಗತಿಗೆ ಮೇಲಿನ ಅಳತೆಯ ಹತ್ತರಷ್ಟು ಸಾಕು: ಏಳೂವರೆ ಕಿಲೋ ತಿರುಳು, 5 ಲೀಟರ್ ನೀರು, 20 ನಿಂಬೆ, ಮೂರ್ನಾಲ್ಕು ಕಟ್ಟು ಪುದೀನ. ಆರು ಜನ ಕೈ ತೊಳೆದು ಕೂತರೆ ಒಂದು ಗಂಟೆಯ ಕೆಲಸ. ಉಪವಾಸ ಇರುವವರ ಪಾಲನ್ನು ಮಾತ್ರ ಮುಂಚೆಯೇ ಮಾಡಿಡಬೇಡಿ. ಅವರಿಗೆ ಹಣ್ಣನ್ನು ಇಡಿಯಾಗಿ ಕೊಟ್ಟು ಕಳಿಸಿ, ಸಂಜೆ ಮನೆಯಲ್ಲಿ ಹೊಸದಾಗಿ ಮಾಡಿಕೊಳ್ಳಲಿ.