ಮೂತಿ ಗಟ್ಟಿಯಾದರೆ ಸಾಕೆ?

ರಿಮೋಟ್ ರೇಸ್ ಕಾರು ಓಡಿಸುವ ಮಕ್ಕಳಿರುವ ಮನೆ ಕುಮಾರ ಪಾರ್ಕಿನಲ್ಲಿರಲಿ, ಚಾಮರಾಜಪೇಟೆಯಲ್ಲಿರಲಿ, ದೂರು ಒಂದೇ: ‘ಮುಂದಿನ ಚಕ್ರ ಮತ್ತೆ ಕಿತ್ತುಬಂತು.’ ಕಾರು ಕಾಂಪೌಂಡಿಗೆ ಗುದ್ದಿದಾಗ ಮೊದಲ ಪೆಟ್ಟು ಮೂತಿಗೇ ತಾನೆ?

ಆ ಪೆಟ್ಟು ಸಣ್ಣದಲ್ಲ. ಒಂದೂವರೆ ಕಿಲೋ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ 75 ಜೂಲ್. ಸುಮಾರು 5 ಮೀಟರ್ ಎತ್ತರದಿಂದ ಬಿದ್ದಷ್ಟು! ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ, ಅಂದರೆ 300 ಜೂಲ್.

ಹಾಗಾದರೆ ಚಕ್ರ ಹಿಡಿದಿರುವ ನೈಲಾನ್ ತೋಳು ತೆಗೆದು ಅಲ್ಯೂಮಿನಿಯಂ ಹಾಕಿಸೋಣವೆ? ನೈಲಾನ್ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಜೋರಾಗಿ ಬಾಗಿದರೆ ಸೊಟ್ಟಗೇ ಉಳಿಯುತ್ತದೆ. ಬಾಗದಿದ್ದರೆ ಪೆಟ್ಟು ಒಳಗಿನ ಛಾಸಿಗೆ ದಾಟುತ್ತದೆ. ಮುರಿಯುವ ಜಾಗ ಬದಲಾಗುತ್ತದೆ, ಖರ್ಚೂ ಏರುತ್ತದೆ.

ಮುಂದೆ ದಪ್ಪ ಸ್ಪಂಜಿನ ಬಂಪರ್ ಕಟ್ಟುವುದು ಜಾಣತನ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದೆಳೆದಂತೆ, ನಿಲ್ಲಲು ಸಮಯ ಹೆಚ್ಚಿದಷ್ಟೂ ಬಲ ತಗ್ಗುತ್ತದೆ. ಸ್ಟಿಯರಿಂಗ್ ಮೋಟರಿಗೆ ‘ಸರ್ವೊ ಸೇವರ್’ ಎಂಬ ಸ್ಪ್ರಿಂಗ್ ಇದ್ದರೆ ಗೇರಿನ ಹಲ್ಲು ಉಳಿಯುತ್ತದೆ. ತೋಳಿನ ಪಿನ್ನು ಸೊಟ್ಟಗಾಗಿದ್ದರೆ ಗಟ್ಟಿ ಉಕ್ಕಿನದನ್ನು ಹಾಕಬಹುದು. ತೋಳು ಮಾತ್ರ ನೈಲಾನಿನದೇ ಇರಲಿ. ಮನೆಯ ಫ್ಯೂಸಿನಂತೆ ಅದು ಅಗ್ಗದಲ್ಲಿ ಹೋಗಿ ದುಬಾರಿ ಭಾಗವನ್ನು ಉಳಿಸುತ್ತದೆ.

ದೊಡ್ಡ ಕಾರುಗಳ ಪಾಠವೂ ಇದೇ. ಎಂಜಿನಿಯರ್ ಬೇಲಾ ಬರೇನಿಯ ಕಲ್ಪನೆಯಂತೆ, ಡಿಕ್ಕಿಯಾದಾಗ ಮುಂಭಾಗ ನಜ್ಜುಗುಜ್ಜಾಗಿ ಒಳಗಿನವರನ್ನು ಕಾಯುವ ಕಾರನ್ನು ಮರ್ಸಿಡಿಸ್ ಬೆಂಜ್ 1959ರಲ್ಲಿ ಹೊರತಂದಿತು.

ಹೊಸ ಬಿಡಿಭಾಗಕ್ಕೆ ದುಡ್ಡು ಕೊಡುವ ಮುನ್ನ ಪೋಷಕರು ‘ಮುರಿದದ್ದು ಯಾವುದು, ಏಕೆ?’ ಎಂದು ಮಕ್ಕಳನ್ನೇ ಕೇಳಲಿ. ಉತ್ತರ ಹುಡುಕುವಷ್ಟರಲ್ಲಿ ಭೌತಶಾಸ್ತ್ರದ ಒಂದು ಪಾಠ ಮುಗಿದಿರುತ್ತದೆ.