ಹರಳಿನ ಆಕಾರವೂ ಅಯಸ್ಕಾಂತದ ಬಲವೂ

ಸವದತ್ತಿ ತಾಲೂಕಿನ ಸಿರಸಂಗಿಯು ಕಾಳಿಕಾದೇವಿಯ ನೆಲೆಯಾಗಿ ವಿಶ್ವಕರ್ಮರೆಲ್ಲರಿಗೆ ಪೂಜ್ಯವಾದುದು. ಕಂಬಾರರು, ಬಡಿಗರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು, ಐದು ಕಸುಬಿನವರೂ ಅಲ್ಲಿ ತಲೆಬಾಗುವರು. ಒಂದೇ ಕಬ್ಬಿಣವನ್ನು ಬಡಿದು ಗುಳವನ್ನೂ ಕುಡುಗೋಲನ್ನೂ ಮಾಡುವ ಕಂಬಾರನಿಗೆ ಆಕಾರದ ಮಹಿಮೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕಣ್ಣಿಗೆ ಕಾಣದ ಲೋಹದ ಹರಳುಗಳಲ್ಲಿಯೂ ಆಕಾರವೇ ಗುಣವನ್ನು ನಿರ್ಣಯಿಸಬಲ್ಲುದೆಂಬ ಸಂಗತಿಯು ವಾಚಕರಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು.

ಕಬ್ಬಿಣದ ದೊಡ್ಡ ತುಂಡಿನೊಳಗೆ ಕಾಂತತ್ವವು ಅನೇಕ ಪ್ರಾಂತಗಳಾಗಿ ಹಂಚಿಹೋಗಿ ಒಂದರ ದಿಕ್ಕನ್ನು ಇನ್ನೊಂದು ಅಳಿಸಿಹಾಕುತ್ತದೆ. ಹರಳು ಮಿಲಿಮೀಟರಿನ ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಕಿರಿದಾದರೆ ಹೀಗೆ ಹಂಚಿಕೆಯಾಗಲು ಆಸ್ಪದವೇ ಉಳಿಯದು. ಇಡೀ ಹರಳು ಒಂದೇ ದಿಕ್ಕಿನ ಅಯಸ್ಕಾಂತವಾಗುವುದು. ಅದರ ಅಂಚಿನಲ್ಲಿ ಮೂಡುವ ಉತ್ತರ ದಕ್ಷಿಣ ಧ್ರುವಗಳಾದರೋ ಒಳಗಿನ ಕಾಂತತ್ವಕ್ಕೇ ಎದುರಾಗಿ ನಿಲ್ಲುತ್ತವೆ. ಸೂಜಿಯಂಥ ಹರಳಿನಲ್ಲಿ ಕಾಂತತ್ವವು ಉದ್ದಕ್ಕೆ ಮಲಗಿದರೆ ಧ್ರುವಗಳು ಕಿರಿದಾದ ತುದಿಗಳಲ್ಲಿ ದೂರದೂರ ಉಳಿದು ವಿರೋಧವು ಅಲ್ಪವಾಗುವುದು. ಅಡ್ಡಲಾಗಿ ನಿಂತರೆ ಅವು ಮಗ್ಗುಲನ್ನೆಲ್ಲ ವ್ಯಾಪಿಸಿ ವಿರೋಧವು ಬಲಿಯುವುದು. ಆದುದರಿಂದ ಅದು ಉದ್ದವನ್ನೇ ಹಿಡಿದು ಕೂಡುವುದು, ಸುಲಭವಾಗಿ ತಿರುಗದು. ಗುಂಡು ಹರಳಿಗೆ ಆಕಾರದ ಈ ಹಟವಿಲ್ಲ. ಅಷ್ಟು ಸಣ್ಣ ಕಬ್ಬಿಣದ ಗುಂಡಿನ ಕಾಂತತ್ವವನ್ನು ಕೋಣೆಯ ಕಾವೇ ಅತ್ತಿತ್ತ ತಿರುಗಿಸಿಬಿಡುವುದು. ಕಬ್ಬಿಣದ ಹರಳಿಗೆ ಅದರ ಅಂತರ್ರಚನೆಯಿಂದ ದೊರೆಯುವ ಹಿಡಿತಕ್ಕಿಂತ ಬಲು ನೀಳವಾದ ಸೂಜಿಯ ಆಕಾರವು ಕೊಡಬಲ್ಲ ಹಿಡಿತವು ಲೆಕ್ಕದ ಮೇರೆಗೆ ಸುಮಾರು 20 ಪಟ್ಟು! ಪ್ರಯೋಗಶಾಲೆಯಲ್ಲಿ ಅಷ್ಟು ಕೈಗೆ ಬಾರದೆಂಬುದು ಬೇರೆ ಮಾತು.

ಈ ಗಣಿತವನ್ನು ಸ್ಟೋನರ್, ವೋಲ್ಫಾರ್ತ್ ಎಂಬ ಆಂಗ್ಲ ದೇಶದ ವಿದ್ವಾಂಸರಿಬ್ಬರು 1948ರಲ್ಲಿ ವಿಶದಪಡಿಸಿದರು. ಧ್ವನಿವರ್ಧಕಗಳಲ್ಲಿ ಬಳಕೆಯಾದ ಆಲ್ನಿಕೋ ಎಂಬ ಮಿಶ್ರಲೋಹದ ಗುಟ್ಟು ಇದೇ. ಅಲ್ಯುಮಿನಿಯಂ, ನಿಕಲ್ಲುಗಳ ನಡುವೆ ಕಬ್ಬಿಣ ಕೋಬಾಲ್ಟುಗಳ ಸೂಕ್ಷ್ಮ ಕಡ್ಡಿಗಳಿರುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ಹದಗೊಳಿಸಿದರೆ ಅವೆಲ್ಲ ಒಂದೇ ದಿಕ್ಕಿಗೆ ಬೆಳೆಯುತ್ತವೆ. ಹಾಡಿನ ಕ್ಯಾಸೆಟ್ಟುಗಳ ಪಟ್ಟಿಗೆ ಲೇಪಿಸುತ್ತಿದ್ದ ಕಂದು ಪುಡಿಯೂ ಸೂಜಿಯಾಕಾರದ್ದೇ.

ಇದು ಕೇವಲ ಪಂಡಿತರ ಕುತೂಹಲವೆಂದು ನಾವು ತಿಳಿಯಲಾಗದು. ವಿದ್ಯುತ್ ವಾಹನಗಳ ಮೋಟಾರಿಗೆ ಬೇಕಾದ ನಿಯೋಡಿಮಿಯಂ ಅಯಸ್ಕಾಂತವು ಆಕಾರವನ್ನಲ್ಲ, ವಿರಳ ಧಾತುಗಳನ್ನು ನೆಚ್ಚಿದುದು. 2025ರ ಏಪ್ರಿಲ್ ತಿಂಗಳಲ್ಲಿ ಚೀನಾ ದೇಶವು ಕೆಲವು ವಿರಳ ಧಾತುಗಳ ಹಾಗೂ ಅವು ಬೆರೆತ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಟ್ಟು ಹಾಕಿದೊಡನೆ ನಮ್ಮ ವಾಹನ ಕಾರಖಾನೆಗಳು ಕಳವಳಗೊಂಡವು. ಆಲ್ನಿಕೋದಲ್ಲಿ ವಿರಳ ಧಾತುವಿಲ್ಲ. ಆದರೆ ಎದುರು ಕ್ಷೇತ್ರಕ್ಕೆ ಅದು ಬೇಗನೆ ಸೋಲುವುದು. ಅದರ ಕಡ್ಡಿಗಳನ್ನು ಇನ್ನೂ ಸಪೂರವಾಗಿಯೂ ನೀಳವಾಗಿಯೂ ಬೆಳೆಯಿಸಿ ಈ ಕೊರತೆಯನ್ನು ತಗ್ಗಿಸಲು ಲೋಹಶಾಸ್ತ್ರಜ್ಞರು ಹೆಣಗಿದ್ದಾರೆ. ಅದಕ್ಕೂ ಕೋಬಾಲ್ಟು ಬೇಕು. ಕೋಬಾಲ್ಟನ್ನಾದರೂ ನಾವು ಹೊರದೇಶದಿಂದಲೇ ತರಿಸುತ್ತಿದ್ದೇವೆ.